ಬಾಯಲ್ಲಿ ನೇರ, ಕಾಗದದಲ್ಲಿ ಸುತ್ತು

ನಮ್ಮ ಕಡೆ ಆಫೀಸಿನಲ್ಲಿ ಮ್ಯಾನೇಜರ್ "ನೋಡೋಣ" ಅಂದರೆ ಆಗಲ್ಲ ಅಂತ ಅರ್ಥ. "ಪರವಾಗಿಲ್ಲ, ಇನ್ನೊಂದ್ಸಲ ನೋಡಿಬಿಡಿ" ಅಂದರೆ ಪೂರ್ತಿ ಮತ್ತೆ ಮಾಡಬೇಕು. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಮುಖ ನೋಡಿ, ದನಿ ಕೇಳಿ ತಿಳಿದುಕೊಳ್ಳಬೇಕು.

ಈ ವಿದ್ಯೆ ಜರ್ಮನಿಯಲ್ಲಿ ಮೊದಲ ತಿಂಗಳೇ ಕೈಕೊಟ್ಟಿತು. ಆರು ಜನರ ಎದುರು ಮ್ಯಾನೇಜರ್ ನನ್ನ ವರದಿಯ ಮೂರನೇ ಪುಟಕ್ಕೆ ಬೆರಳಿಟ್ಟು, "ಇದು ತಪ್ಪು. ಈ ಲೆಕ್ಕ ಎಲ್ಲಿಂದ ಬಂತು?" ಅಂದರು. ನನ್ನ ಕಿವಿ ಬಿಸಿಯಾಯಿತು. ಮೀಟಿಂಗ್ ಮುಗಿದ ಐದು ನಿಮಿಷಕ್ಕೆ ಅದೇ ಮನುಷ್ಯ ಕಾಫಿ ಮೆಷಿನ್ ಹತ್ತಿರ ನನ್ನ ಜೊತೆ ನಗುನಗುತ್ತಾ ನಿಂತಿದ್ದರು. ತಪ್ಪಿದ್ದದ್ದು ಪುಟದಲ್ಲಿ, ನನ್ನಲ್ಲಲ್ಲ. ಅದು ನನ್ನ ತಲೆಗೆ ಇಳಿಯಲು ವರ್ಷ ಹಿಡಿಯಿತು.

ಹೊಗಳಿಕೆಯಂತೂ ಅಪರೂಪ. ಸ್ಟುಟ್‌ಗಾರ್ಟ್ ಸುತ್ತಮುತ್ತಲಿನವರ ಗಾದೆಯೇ ಇದೆ: ಬೈಯಲಿಲ್ಲ ಅಂದರೆ ಹೊಗಳಿದ ಹಾಗೆ.

ಇವರದು ನೇರ ಮಾತು ಅಂತ ನಾನೂ ಎಲ್ಲರಿಗೂ ಹೇಳುತ್ತಿದ್ದೆ, ಗೆಳೆಯನ ಆರ್ಬೈಟ್ಸ್‌ತ್ಸೊಯ್ಗ್ನಿಸ್ ನೋಡುವವರೆಗೆ. ಕೆಲಸ ಬಿಡುವವರು ಕೇಳಿದರೆ, ಅವರು ಹೇಗೆ ಕೆಲಸ ಮಾಡಿದರು ಅಂತ ಕಂಪನಿ ಬರೆದು ಕೊಡಲೇಬೇಕಾದ ಪತ್ರ ಅದು. "ಕೆಲಸ ನಮಗೆ ತೃಪ್ತಿಯಾಗುವಂತೆ ಮಾಡಿದ್ದಾರೆ" ಅಂತಿತ್ತು. ಒಳ್ಳೆಯದೇ ಬರೆದಿದ್ದಾರಲ್ಲ, ಅಂದೆ. ಅವನ ಮುಖ ಸಪ್ಪಗಾಗಿತ್ತು. ಬರೀ 'ತೃಪ್ತಿ' ಅಂದರೆ ಜಸ್ಟ್ ಪಾಸ್ ಅಂತೆ. 'ಪೂರ್ಣ ತೃಪ್ತಿ' ಅಂದರೆ ಸಾಧಾರಣ. 'ಯಾವಾಗಲೂ ಪೂರ್ಣ ತೃಪ್ತಿ' ಅಂದರೆ ಚೆನ್ನಾಗಿದೆ. 'ಯಾವಾಗಲೂ ಅತ್ಯಂತ ಪೂರ್ಣ ತೃಪ್ತಿ' ಬಂದರೆ ಮಾತ್ರ ಫಸ್ಟ್ ಕ್ಲಾಸ್. (ಪೂರ್ಣಕ್ಕಿಂತ ಜಾಸ್ತಿ ಪೂರ್ಣ ಹೇಗಾಗುತ್ತೋ!) 'ಪ್ರಯತ್ನಪಟ್ಟರು' ಅಂತ ಬರೆದರೋ, ಮುಗೀತು ಕತೆ.

ತಮಾಷೆ ಅಂದರೆ, ಈ ಪತ್ರದಲ್ಲಿ ಗೂಢಾರ್ಥ ಇರಬಾರದು ಅಂತ ಕಾನೂನೇ ಇದೆ. ಆದರೆ ಸುಳ್ಳೂ ಬರೆಯುವಂತಿಲ್ಲ, ಸುಮ್ನೆ ಮುಂದಿನ ಕೆಲಸಕ್ಕೆ ಅಡ್ಡಗಾಲೂ ಹಾಕುವಂತಿಲ್ಲ. ಮತ್ತೇನು ಮಾಡ್ತಾರೆ, ಪಾಪ! 2014ರಲ್ಲಿ ಒಬ್ಬಾಕೆಯ ಕೇಸು ಇದೇ 'ಯಾವಾಗಲೂ' ಅನ್ನೋ ಒಂದು ಪದಕ್ಕಾಗಿ ಫೆಡರಲ್ ಕಾರ್ಮಿಕ ನ್ಯಾಯಾಲಯದವರೆಗೆ ಹೋಯಿತು. ಸಾಧಾರಣಕ್ಕಿಂತ ಚೆನ್ನಾಗಿ ಮಾಡಿದ್ದೆ ಅನ್ನುವುದಾದರೆ ನೀವೇ ಸಾಬೀತು ಮಾಡಿ, ಅಂದಿತು ಕೋರ್ಟು.

ನನಗೆ ಕೇಳಿದರೆ, ಎದುರಿಗೇ "ತಪ್ಪು" ಅನ್ನಿಸಿಕೊಳ್ಳುವುದೇ ವಾಸಿ. ನಮ್ಮವರ 'ನೋಡೋಣ' ಕೂಡ ವಾಸಿ, ನಾಳೆ ಮನಸ್ಸು ಬದಲಾಗಬಹುದು. ಕಾಗದ ಹಾಗಲ್ಲ, ಹೋದಲ್ಲೆಲ್ಲ ಬೆನ್ನಿಗೆ ಬೀಳುತ್ತದೆ.

ಈಗ ನಮ್ಮ ಮ್ಯಾನೇಜರ್ ಬೇರೆ ವಿಭಾಗಕ್ಕೆ ಹೊರಟಿದ್ದಾರೆ. ಹೋಗುವ ಮುಂಚೆ ನನಗೊಂದು ಪತ್ರ ಬೇಕು ಅಂದೆ. ಅದರಲ್ಲಿ 'ಯಾವಾಗಲೂ' ಇರುತ್ತಾ ಅಂತಲೂ ಕೇಳಿಬಿಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು "ಶೌಯೆನ್ ವಿಯರ್ ಮಾಲ್" ಅಂದರು.

ಅಂದರೆ, ನೋಡೋಣ.