ಹದಿನಾರು ಸೆಂಟಿಮೀಟರ್ ಪ್ರಗತಿ

ಮೇಸ್ತ್ರಿಗಳಿಗೆ ಕೊಬ್ಬು ಹೆಚ್ಚಾಗಿದೆ. ಇದು ನನ್ನ ಮಾತಲ್ಲ, ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನ ಸರ್ವಾನುಮತದ ತೀರ್ಮಾನ. ಮೂರನೆಯ ಮಹಡಿಯವರ ಬಚ್ಚಲುಮನೆಯ ಟೈಲ್ಸ್ ಎದ್ದಿದ್ದವು. ನೋಡಲು ಬಂದ ಮೇಸ್ತ್ರಿ ದಿನಕ್ಕೆ 1,200 ರೂಪಾಯಿ ಕೇಳಿದನಂತೆ, ಹೆಲ್ಪರ್‌ಗೆ ಬೇರೆಯಂತೆ. ಹೆಚ್ಚಾಯಿತಲ್ಲ ಎಂದರೆ ಗೋಗರೆಯದೆ, ತಲೆ ಕೆರೆದುಕೊಳ್ಳದೆ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟನಂತೆ. ಗುಂಪಿಗೆ ಕೂಲಿಗಿಂತ ಆ ಚಪ್ಪಲಿ ಮೆಟ್ಟಿದ್ದೇ ಹೆಚ್ಚು ಚುಚ್ಚಿದೆ.

ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಕೂಡಲೇ ಲೆಕ್ಕ ಮಾಡಿದರು. 1,200ನ್ನು 30ರಿಂದ ಗುಣಿಸಿ, ಬಂದದ್ದನ್ನು 12ರಿಂದ ಗುಣಿಸಿದರೆ ವರ್ಷಕ್ಕೆ 4,32,000 ರೂಪಾಯಿ. ಅದರ ಕೆಳಗೆ ಬಾಯಿ ತೆರೆದ ಹಳದಿ ಮುಖಗಳು ಸಾಲಾಗಿ ನಿಂತವು. ಭಾನುವಾರ, ಯುಗಾದಿ, ಗೌರಿ ಹಬ್ಬ, ಮಗುವಿನ ಜ್ವರ ಎನ್ನದೆ 365ರಲ್ಲಿ 360 ದಿನ ಕರಣೆ ಹಿಡಿಯುವ ಈ ಮೇಸ್ತ್ರಿಯನ್ನು ನಾನು ಎಲ್ಲಿಯೂ ನೋಡಿಲ್ಲ. ಮಳೆ ಹಿಡಿದರೆ ಹೊರಗೋಡೆಯ ಪ್ಲಾಸ್ಟರಿಂಗ್ ನಿಲ್ಲುತ್ತದೆ. ಲಾರಿಯವರು ಮುಷ್ಕರ ಹೂಡಿದರೆ ಮರಳಿಲ್ಲ. ಅಮಾವಾಸ್ಯೆಗೆ ಮೋಲ್ಡ್ ಹಾಕಿಸಲು ಮಾಲೀಕರಿಗೆ ಭಯ. ಮಾಲೀಕರ ದುಡ್ಡು ಮುಗಿದರಂತೂ ಕಂಬದ ಕಂಬಿಗಳು ತುಕ್ಕು ಹಿಡಿಯುತ್ತ ಆಕಾಶ ನೋಡುತ್ತ ನಿಲ್ಲುತ್ತವೆ. ನಮ್ಮ ಮನೆಗೆ ಬರುವ ಮೇಸ್ತ್ರಿಯನ್ನು ಕೇಳಿದೆ. "ಹದಿನೆಂಟು ಇಪ್ಪತ್ತು ದಿನ ಸಿಕ್ಕರೆ ಒಳ್ಳೆಯ ತಿಂಗಳು ಸಾರ್" ಎಂದರು. ಉಳಿದ ದಿನ? ಬೆಳಿಗ್ಗೆ ಏಳಕ್ಕೆ ಅಡ್ಡೆಗೆ ಹೋಗಿ ಹತ್ತರವರೆಗೆ ನಿಂತು ವಾಪಸು ಬರುವುದು. ಅದಕ್ಕೆ ಬಟವಾಡೆ ಇಲ್ಲ.

ಗುಂಪಿನ ಪರವಾಗಿ ದೊಡ್ಡವರೂ ಮಾತನಾಡಿದ್ದಾರೆ. ದೇಶದ ಅತಿ ದೊಡ್ಡ ನಿರ್ಮಾಣ ಕಂಪನಿ ಎಲ್ ಆ್ಯಂಡ್ ಟಿಯ ಅಧ್ಯಕ್ಷರು, ಅಂದರೆ ಭಾನುವಾರ ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂದು ಕೇಳಿ ಹೆಸರಾದವರೇ, 2025ರ ಫೆಬ್ರುವರಿಯಲ್ಲಿ ಚೆನ್ನೈನಲ್ಲಿ ಇನ್ನೊಂದು ಮಾತು ಹೇಳಿದರು. ಸರ್ಕಾರದ ಯೋಜನೆಗಳ ಸುಖದಿಂದಾಗಿ ಕಾರ್ಮಿಕರು ಊರು ಬಿಟ್ಟು ಬರಲು ಒಪ್ಪುತ್ತಿಲ್ಲವಂತೆ. ಯಾವಾಗಲೂ ನಾಲ್ಕು ಲಕ್ಷ ಜನ ಕೈಯಲ್ಲಿರಬೇಕಾದರೆ ಹದಿನಾರು ಲಕ್ಷ ಜನರನ್ನು ಸೇರಿಸಿಕೊಳ್ಳಬೇಕಾಗುತ್ತದೆಯಂತೆ. ಹನ್ನೆರಡು ಲಕ್ಷ ಜನ ಬಂದು ನೋಡಿ ಗಂಟುಮೂಟೆ ಕಟ್ಟುತ್ತಾರೆ ಎಂದರೆ ಕಾರಣ ಅವರ ಊರಿನ ಸುಖವೇ ಇರಬೇಕು. ಕೂಲಿಯೋ, ತಗಡಿನ ಶೆಡ್ಡೋ, ಕಕ್ಕಸಿನ ಸರದಿಯೋ ಕಾರಣವಿರಬಹುದು ಎಂದು ಯೋಚಿಸುವುದು ನಮ್ಮಂಥ ಅಲ್ಪರ ಕೆಲಸ.

ಕೊಬ್ಬಿನ ಮಾತು ಬಂದದ್ದರಿಂದ ಕ್ಯಾಲೊರಿಯ ಮಾತನ್ನೂ ಮುಗಿಸಿಬಿಡೋಣ. ಕಾರ್ಮಿಕನ ಸಂಸಾರಕ್ಕೆ ಕನಿಷ್ಠ ಎಷ್ಟು ಬೇಕು ಎಂದು ಸರ್ಕಾರ ಊಹೆಯಿಂದ ಹೇಳುವುದಿಲ್ಲ, ಅಳತೆಪಟ್ಟಿ ಹಿಡಿದು ಹೇಳುತ್ತದೆ. 1957ರಲ್ಲಿ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನ ದಿನಕ್ಕೆ 2,700 ಕ್ಯಾಲೊರಿ ಎಂದು ಗೊತ್ತುಮಾಡಿತು. ಕೂನೂರಿನಲ್ಲಿ ಪೌಷ್ಟಿಕತೆಯ ಸಂಶೋಧನೆ ನಡೆಸಿದ್ದ ಡಾ. ಐಕ್ರಾಯ್ಡ್ ಅವರು 'ಮಧ್ಯಮ ಶ್ರಮ'ದ ವಯಸ್ಕನಿಗೆ ಹೇಳಿದ ಅಳತೆ ಅದು. 50 ಕೆ.ಜಿ. ಸಿಮೆಂಟ್ ಮೂಟೆಯನ್ನು ಬೆನ್ನಿಗೇರಿಸಿಕೊಂಡು ಮೂರು ಮಹಡಿ ಹತ್ತುವುದು ಮಧ್ಯಮ ಶ್ರಮವಾದರೆ ಕಠಿಣ ಶ್ರಮ ಯಾವುದು? ಬಹುಶಃ ಆ ಸಮ್ಮೇಳನದಲ್ಲಿ ಊಟದ ನಂತರ ಎಚ್ಚರವಾಗಿ ಕೂರುವುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2010ರಲ್ಲಿ ಕಠಿಣ ದುಡಿಮೆಯ ಗಂಡಸಿಗೆ 3,490 ಕ್ಯಾಲೊರಿ ಬೇಕು ಎಂದಿತ್ತು. ನಡುವಿನ 790 ಕ್ಯಾಲೊರಿಯನ್ನು ನಮ್ಮ ಮೇಸ್ತ್ರಿಗಳು ಚಹಾ ಮತ್ತು ಬೀಡಿಯಿಂದ ತುಂಬಿಸಿಕೊಳ್ಳುತ್ತಾರೆ.

ಇನ್ನು ಸಂಸಾರ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಆದರೆ ಲೆಕ್ಕದಲ್ಲಿ ನಾಲ್ವರಲ್ಲ, ಮೂರು 'ಬಳಕೆ ಘಟಕ'. ಗಂಡ 1, ಹೆಂಡತಿ 0.8, ಮಕ್ಕಳು ತಲಾ 0.6 ಎಂದು ಬಿಡಿಸಿ ಕೂಡಿಸುತ್ತಾರೆ. ಬಾಂಡ್ಲಿ ತುಂಬ ಕಾಂಕ್ರೀಟ್ ಹೊತ್ತು ಸಾರವೆ ಹತ್ತುವ ಹೆಂಗಸು ಹೊಟ್ಟೆಯ ಐದನೆಯ ಒಂದು ಪಾಲನ್ನು ಕೆಳಗೆ ಇಟ್ಟು ಹತ್ತುತ್ತಾಳೆ ಎಂದಾಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಟ್ಟೆ. 1957ರಲ್ಲಿ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ ಎಂದರು. ಅರವತ್ತಮೂರು ವರ್ಷ ಕಳೆಯಿತು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಬಂದ, ಬೆಂಗಳೂರಿಗೆ ಮೆಟ್ರೊ ಬಂತು. 2020ರಲ್ಲಿ ಕೇಂದ್ರ ಸರ್ಕಾರ ವೇತನ ಸಂಹಿತೆಯ ಕರಡು ನಿಯಮ ಹೊರಡಿಸಿ ವರ್ಷಕ್ಕೆ 66 ಮೀಟರ್ ಬಟ್ಟೆ ಎಂದಿತು. ಕುತೂಹಲಕ್ಕೆ ಗಜವನ್ನು ಮೀಟರಿಗೆ ತಿರುಗಿಸಿ ನೋಡಿದೆ. 72 ಗಜವೆಂದರೆ 65 ಮೀಟರ್ 84 ಸೆಂಟಿಮೀಟರ್. ಅಂದರೆ ಅರವತ್ತಮೂರು ವರ್ಷದಲ್ಲಿ ಕಾರ್ಮಿಕನ ಸಂಸಾರ ಗಳಿಸಿದ್ದು 16 ಸೆಂಟಿಮೀಟರ್ ಬಟ್ಟೆ. ನಾಲ್ವರೂ ಹಂಚಿಕೊಂಡರೆ ತಲಾ ನಾಲ್ಕು ಬೆರಳಗಲವೂ ಬರುವುದಿಲ್ಲ. ಐದೂವರೆ ಮೀಟರಿನ ಸೀರೆಯ ಲೆಕ್ಕದಲ್ಲಿ 66 ಮೀಟರಿಗೆ ಸರಿಯಾಗಿ ಹನ್ನೆರಡು ಸೀರೆ ಬರುತ್ತವೆ, ಗಂಡಸರು ಪ್ಯಾಂಟಿನ ಹಟ ಬಿಟ್ಟರೆ. ಗೃಹಪ್ರವೇಶದ ದಿನ ನಾವು ಮೇಸ್ತ್ರಿಗೆ ಕೊಡುವ ಪಂಚೆಯನ್ನು ಇದರಲ್ಲಿ ಕಳೆಯಬೇಕೋ ಕೂಡಿಸಬೇಕೋ ಎಂಬುದು ಮಾತ್ರ ಕರಡಿನಲ್ಲಿಲ್ಲ.

ಬಾಡಿಗೆಯ ಸೂತ್ರ ಇನ್ನೂ ಸೊಗಸು. ಅದೇ ಕರಡಿನ ಪ್ರಕಾರ ಮನೆ ಬಾಡಿಗೆ ಎಂದರೆ ಊಟ ಬಟ್ಟೆಯ ಖರ್ಚಿನ ಶೇ. 10. ಊಟ ಬಟ್ಟೆಗೆ ತಿಂಗಳಿಗೆ 15,000 ಹಿಡಿದರೆ ಬಾಡಿಗೆ 1,500. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎರಡನೆಯ ಕಾರು ನಿಲ್ಲಿಸುವ ಜಾಗಕ್ಕೆ 2,000 ಇದೆ, ಕಾರಿಗೆ ಮಕ್ಕಳಿಲ್ಲ. ನಮ್ಮ ಮೇಸ್ತ್ರಿಗೆ ಇರುವುದು ಶೀಟಿನ ಒಂದು ಕೋಣೆ. ಕಕ್ಕಸು ಹೊರಗೆ, ಐದು ಮನೆಗೆ ಒಂದು. ಬಾಡಿಗೆ ಐದೂವರೆ ಸಾವಿರ, ನೀರಿಗೆ ಬೇರೆ. ಸೂತ್ರವನ್ನು ಸುಳ್ಳಾಗಿಸಬಾರದೆಂದರೆ ಅವರು ತಿಂಗಳಿಗೆ 55,000 ರೂಪಾಯಿಯ ಅನ್ನ ಉಂಡು ಬಟ್ಟೆ ಉಡಬೇಕು. ಆ ಸಂಸಾರ ಅಷ್ಟು ಶ್ರದ್ಧೆ ತೋರಿಸುತ್ತಿಲ್ಲ.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆಯಲ್ಲ ಎನ್ನುವಿರಿ. ಇದೆ. 1996ರ ಕಾಯ್ದೆ ಬಂದಾಗಿನಿಂದ ಕಟ್ಟಡದ ವೆಚ್ಚದ ಶೇ. 1 ಸೆಸ್ ಬಂದು ಬೀಳುತ್ತದೆ. ಕಾರ್ಡು ಬೇಕಾದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದದ್ದಕ್ಕೆ ಪುರಾವೆ ತರಬೇಕು. ಮೂರು ದಿನ ಒಂದು ಮನೆ, ಐದು ದಿನ ಇನ್ನೊಂದು ಮನೆ ಎಂದು ಅಲೆಯುವವರಿಗೆ ಸಹಿ ಹಾಕುವವರು ಯಾರು? ಕರಣೆಯ ಯಾವ ತುದಿ ಹಿಡಿಯಬೇಕೆಂದು ತಿಳಿಯದವರ ಬಳಿಯೂ ಕಾರ್ಡು ಇದ್ದವು. ಮಕ್ಕಳ ಓದಿಗೆ ಕೊಡುತ್ತಿದ್ದ ನೆರವನ್ನು 2023ರಲ್ಲಿ ಕತ್ತರಿಸಿದಾಗ ಕತ್ತರಿ ನಿಜವಾದ ಮೇಸ್ತ್ರಿಗಳ ಮಕ್ಕಳಿಗೂ ತಗುಲಿತು.

ಇಪ್ಪತ್ತೆರಡು ವರ್ಷ ಸಿಮೆಂಟ್ ಕಲಸಿ ನಮ್ಮ ಮೇಸ್ತ್ರಿಯ ಬೆರಳ ತುದಿಗಳು ಸವೆದು ನುಣ್ಣಗಾಗಿವೆ. ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಹೆಬ್ಬೆರಳಿಟ್ಟರೆ ಹೊಂದಿಕೆಯಾಗುತ್ತಿಲ್ಲ ಎನ್ನುತ್ತದೆ. ಒರೆಸಿ ಇಡುತ್ತಾರೆ, ತಲೆಗೆ ಉಜ್ಜಿ ಇಡುತ್ತಾರೆ, ತೋರುಬೆರಳು ಇಡುತ್ತಾರೆ. ಹಿಂದಿನವರು ಬೇಗ ಬೇಗ ಎನ್ನುತ್ತಾರೆ. ಎಷ್ಟು ಮನೆ ಕಟ್ಟಿದ್ದೀರಿ ಎಂದು ಕೇಳಿದರೆ ಅವರಿಗೇ ಲೆಕ್ಕವಿಲ್ಲ. ಅಷ್ಟು ಮನೆ ಕಟ್ಟಿದ ಕೈ ಯಾರದೂ ಅಲ್ಲವಂತೆ. ಇದರಲ್ಲಿ ನಗುವುದಕ್ಕೆ ನನಗೆ ಏನೂ ಸಿಗುತ್ತಿಲ್ಲ. ದಿನಕ್ಕೆ 1,200 ಕೇಳಿದರೆ ಕೊಬ್ಬು ಎನ್ನುವ ನಾವು ನಾಚಿಕೆಗೆಟ್ಟವರು, ಅಷ್ಟೇ.

'ನಾವು' ಎಂದದ್ದು ಕೈತಪ್ಪಿ ಬಂದದ್ದಲ್ಲ. ಹೋದ ತಿಂಗಳು ನಮ್ಮ ಬಾಲ್ಕನಿಯ ಗೋಡೆ ಉದುರುತ್ತಿದ್ದಾಗ ಅವರು ದಿನಕ್ಕೆ 1,100 ಎಂದರು. ನಾನು ಹಳೆಯ ಪರಿಚಯ, ಪಕ್ಕದ ಬೀದಿ, ಮುಂದೆಯೂ ಕೆಲಸವಿದೆ ಎಂದೆಲ್ಲ ಹೇಳಿ ಸಾವಿರಕ್ಕೆ ಇಳಿಸಿದೆ. ನಾಲ್ಕು ದಿನದ ಕೆಲಸ, ನಾನೂರು ರೂಪಾಯಿ ಉಳಿಯಿತು. ಭಾನುವಾರ ಹೆಂಡತಿಯೂ ನಾನೂ ಅದರಲ್ಲಿ ಮಸಾಲೆ ದೋಸೆ ತಿಂದು ಕಾಫಿ ಕುಡಿದೆವು.

ಮೂರನೆಯ ಮಹಡಿಯ ಟೈಲ್ಸ್ ಇನ್ನೂ ಎದ್ದೇ ಇವೆ. ನಿಮ್ಮ ಮೇಸ್ತ್ರಿಯ ನಂಬರ್ ಕಳುಹಿಸಿ ಎಂದು ಗುಂಪಿನಲ್ಲಿ ಎರಡು ದಿನದಿಂದ ಕೇಳುತ್ತಿದ್ದಾರೆ. ಹುಡುಕುತ್ತಿದ್ದೇನೆ ಎಂದಿದ್ದೇನೆ. ಅಲ್ಲಿ ಯಾರಾದರೂ ಅವರಿಗೆ 1,200 ಕೊಟ್ಟುಬಿಟ್ಟರೆ ನನಗೆ ಮುಂದಿನ ಸಲ ಕಷ್ಟವಾಗುತ್ತದೆ.