ತುಂಬಿದಾಗ ಬಾಗಿನ, ಬತ್ತಿದಾಗ ಬುಕಿಂಗ್

ದಿನಪತ್ರಿಕೆಯ ಒಳಪುಟದ ಮೂಲೆಯಲ್ಲಿ ಅಚ್ಚಾಗುವ ಜಲಾಶಯಗಳ ನೀರಿನ ಮಟ್ಟದ ಪಟ್ಟಿಯನ್ನು ರೈತರು, ನೀರಾವರಿ ಎಂಜಿನಿಯರುಗಳು ಮತ್ತು ಕಾವೇರಿ ವ್ಯಾಜ್ಯದ ವಕೀಲರು ಮಾತ್ರ ಓದುತ್ತಾರೆ ಎಂದು ನಾನು ಬಹುಕಾಲ ತಿಳಿದಿದ್ದೆ. 2024ರ ಮಾರ್ಚಿಯಲ್ಲಿ ಈ ತಪ್ಪು ತಿಳಿವಳಿಕೆ ನೀಗಿತು. ಬೆಂಗಳೂರಿನಲ್ಲಿರುವ ನನ್ನ ಷಡ್ಡಕರು ಆ ತಿಂಗಳಿಡೀ ಕಾಫಿಗೂ ಮೊದಲು ಆ ಪಟ್ಟಿಯನ್ನು ಓದಿ, ಕಬಿನಿಯ ಮಟ್ಟ ಮತ್ತಷ್ಟು ಇಳಿದಿದೆ ಎಂಬ ಶುಭ ಸಮಾಚಾರವನ್ನು ಮೇಲೆತ್ತಿದ ಹೆಬ್ಬೆರಳಿನ ಚಿತ್ರದೊಡನೆ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಿದ್ದರು. ಜಲಾಶಯದ ಗರಿಷ್ಠ ಮಟ್ಟ 2,284 ಅಡಿ. ಅಲ್ಲಿಂದ ಕೆಳಗಿಳಿದ ಒಂದೊಂದು ಅಡಿಗೂ ಇಂತಿಷ್ಟು ಆನೆ ಎಂದು ಅವರು ಲೆಕ್ಕ ಇಟ್ಟಿದ್ದರು.

ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಂತೆ, ಮುಳುಗಿದ್ದ ನೆಲ ಹೊರಬಂದು ಅದರ ಮೇಲೆ ಹಸಿ ಹುಲ್ಲು ಚಿಗುರುತ್ತದೆ. ಕಾಡಿನ ಹಳ್ಳಕೊಳ್ಳಗಳು ಬತ್ತಿ ಬಾಯಾರಿದ ಆನೆಗಳು ಈಚೆಯ ನಾಗರಹೊಳೆಯಿಂದಲೂ ಆಚೆಯ ಬಂಡೀಪುರದಿಂದಲೂ ಮರಿಗಳ ಸಮೇತ ಇಳಿದು ಬಂದು ಆ ಹುಲ್ಲುಗಾವಲನ್ನು ತುಂಬುತ್ತವೆ. ಬರ ಹೆಚ್ಚಿದಷ್ಟೂ ದಡ ಅಗಲವಾಗುತ್ತದೆ, ದಡ ಅಗಲವಾದಷ್ಟೂ ರೆಸಾರ್ಟಿನ ಬಾಡಿಗೆ ಏರುತ್ತದೆ. ಇದಕ್ಕೆ ವ್ಯಾಪಾರದ ಭಾಷೆಯಲ್ಲಿ ಸೀಸನ್ ಎಂದು ಹೆಸರು. ಜುಲೈಯಲ್ಲಿ ವಯನಾಡಿನ ಮಳೆಗೆ ಅದೇ ಜಲಾಶಯ ತುಂಬಿದಾಗ ಮುಖ್ಯಮಂತ್ರಿಗಳು ಬಂದು ಬಾಗಿನ ಅರ್ಪಿಸುತ್ತಾರೆ. ಏಪ್ರಿಲ್‌ನಲ್ಲಿ ಬತ್ತಿದಾಗ ನಾವು ಹೋಗಿ ಬುಕಿಂಗ್ ಅರ್ಪಿಸುತ್ತೇವೆ. ಹೀಗೆ ನೀರು ಹೇಗಿದ್ದರೂ ಸಂತೋಷಪಡುವ ಒಂದು ವರ್ಗ ನಾಡಿನಲ್ಲಿ ಯಾವಾಗಲೂ ಇರುತ್ತದೆ.

ಷಡ್ಡಕರ ಸಂತೋಷಕ್ಕೆ ಇನ್ನೊಂದು ಆಯಾಮವೂ ಇತ್ತು. ಆ ಬೇಸಿಗೆಯಲ್ಲಿ ಅವರ ಅಪಾರ್ಟ್‌ಮೆಂಟಿನ ಕೊಳವೆಬಾವಿಗಳು ಬತ್ತಿಹೋಗಿ, ಸ್ನಾನಕ್ಕೆ ಅರ್ಧ ಬಕೆಟ್ ನೀರು ಎಂಬ ಸುತ್ತೋಲೆ ಲಿಫ್ಟಿನ ಬಾಗಿಲಿಗೆ ಅಂಟಿತ್ತು. ಕಬಿನಿಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ, ಆ ಕಾವೇರಿಯ ನೀರೇ ಮುಂದೆ ತೊರೆಕಾಡನಹಳ್ಳಿಯಿಂದ ಪಂಪಾಗಿ ಬೆಂಗಳೂರಿನ ನಲ್ಲಿಗೆ ಬರುತ್ತದೆ, ಆದ್ದರಿಂದ ತಾವು ಹೆಬ್ಬೆರಳೆತ್ತಿ ಸಂಭ್ರಮಿಸುತ್ತಿರುವುದು ತಮ್ಮದೇ ಬಕೆಟ್ಟಿನ ತಳವನ್ನು ಎಂದು ನಾನು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ರೆಸಾರ್ಟಿನಲ್ಲಿ ಈಜುಕೊಳವಿದೆ ಎಂದರು.

ಪ್ರವಾಸದ ದಿನಾಂಕ ಪ್ರಜಾಪ್ರಭುತ್ವದ ಕೃಪೆಯಿಂದ ನಿಗದಿಯಾಯಿತು. ಏಪ್ರಿಲ್ 26ರ ಶುಕ್ರವಾರ ಲೋಕಸಭೆಗೆ ಮತದಾನವಿದ್ದು, ಅದರ ರಜೆಗೆ ಶನಿವಾರ ಮತ್ತು ಭಾನುವಾರಗಳು ತಾವಾಗಿ ಬಂದು ಸೇರಿಕೊಂಡಿದ್ದವು. ಬೆಳಿಗ್ಗೆ ಏಳಕ್ಕೇ ಮತ ಹಾಕಿ ಕರ್ತವ್ಯ ಮುಗಿಸಿ, ಮಸಿ ಒಣಗುವ ಮೊದಲೇ ಮೈಸೂರು ರಸ್ತೆ ಹಿಡಿಯುವುದೆಂದು ತೀರ್ಮಾನವಾಯಿತು. ಷಡ್ಡಕರು ಎಕ್ಸೆಲ್ ಹಾಳೆಯೊಂದನ್ನು ಸಿದ್ಧಪಡಿಸಿದ್ದರು. ಅದರ ಮೊದಲ ಅಂಕಣದಲ್ಲಿ ಪ್ರಾಣಿ, ಎರಡನೆಯದರಲ್ಲಿ ದಿನಾಂಕ, ಮೂರನೆಯದರಲ್ಲಿ ಸಮಯ. ನಾಲ್ಕನೆಯ ಅಂಕಣಕ್ಕೆ ‘ಸ್ಥಿತಿಗತಿ’ ಎಂದು ಶೀರ್ಷಿಕೆಯಿತ್ತು. ಶನಿವಾರ ಬೆಳಗಿನ ಸಫಾರಿಗೆ ಹುಲಿ, ಸಂಜೆಗೆ ಕರಿಚಿರತೆ, ಭಾನುವಾರದ ದೋಣಿಗೆ ಆನೆ. ಹುಲಿಯ ಒಪ್ಪಿಗೆ ಮಾತ್ರ ಬಾಕಿಯಿತ್ತು.

ಆನೆಯ ಸಾಲಿನಲ್ಲಿ ಭೋಗೇಶ್ವರನ ಹೆಸರಿತ್ತು. ನೆಲ ಮುಟ್ಟುವಂತಿದ್ದ ದಂತಗಳನ್ನು ಹೊತ್ತು ದಶಕಗಳ ಕಾಲ ಈ ಹಿನ್ನೀರಿನ ದಡದಲ್ಲಿ ಗಂಭೀರವಾಗಿ ಓಡಾಡಿಕೊಂಡಿದ್ದ ಆ ಸಲಗಕ್ಕೆ ಕಾಡಿನವರು ಕೊಟ್ಟ ಹೆಸರು ಭೋಗೇಶ್ವರ. ಅದನ್ನು ಉಚ್ಚರಿಸಲಾಗದ ಪ್ರವಾಸಿಗರು ‘ಮಿಸ್ಟರ್ ಕಬಿನಿ’ ಎಂದು ಕರೆದು, ಕಾಡಾನೆಗೂ ಒಂದು ವಿಸಿಟಿಂಗ್ ಕಾರ್ಡ್ ಮಾಡಿಸಿಕೊಟ್ಟಿದ್ದರು. ಅವನು 2022ರ ಜೂನ್‌ನಲ್ಲೇ ತೀರಿಕೊಂಡನೆಂದು ನಾನು ತಿಳಿಸಿದಾಗ ಷಡ್ಡಕರು ನಂಬಲಿಲ್ಲ. ಹಿಂದಿನ ವಾರವಷ್ಟೇ ಅವನ ವಿಡಿಯೊ ತಮಗೆ ಬಂದಿದೆ ಎಂದು ವಾದಿಸಿ, ಕೊನೆಗೆ ‘ಸ್ಥಿತಿಗತಿ’ಯ ಅಂಕಣದಲ್ಲಿ ‘ಖಚಿತವಿಲ್ಲ’ ಎಂದು ನಮೂದಿಸಿದರು.

ಕರಿಚಿರತೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಅದು ಬೇರೆ ಜಾತಿಯ ಪ್ರಾಣಿಯಲ್ಲ. ಮೈಯಲ್ಲಿ ಕಪ್ಪು ವರ್ಣದ್ರವ್ಯ ಹೆಚ್ಚಾದ ಮಾಮೂಲಿ ಚಿರತೆಯೇ, ಓರೆ ಬಿಸಿಲು ಬಿದ್ದರೆ ಕಪ್ಪಿನ ಒಳಗೂ ಅದರ ಚುಕ್ಕೆಗಳು ಕಾಣುತ್ತವೆ. ಆದರೂ ಕಬಿನಿಗೆ ಹೋಗಿ ಬರಿಯ ಹಳದಿ ಚಿರತೆ ಕಂಡು ಬಂದವರನ್ನು ನಮ್ಮ ಜನ ಹೆಣ್ಣು ನೋಡಲು ಹೋಗಿ ಉಪ್ಪಿಟ್ಟು ತಿಂದು ಬಂದವರಂತೆ ಕರುಣೆಯಿಂದ ನೋಡುತ್ತಾರೆ. ಮಗನ ಮದುವೆಯ ಜಾಹೀರಾತಿನಲ್ಲಿ ‘ಗೌರವರ್ಣದ ವಧು’ ಎಂದು ದಪ್ಪಕ್ಷರದಲ್ಲಿ ಹಾಕಿಸಿದ್ದ ಷಡ್ಡಕರು, ಕಾಡಿನಲ್ಲಿ ಮಾತ್ರ ಕಪ್ಪೇ ಆಗಬೇಕೆಂದು ಹಟ ಹಿಡಿದರು.

ಇನ್ನು ಟಿಕೆಟ್ಟಿನ ಪ್ರಸಂಗ. ತಲೆಗೆ ಒಂದು ಶುಲ್ಕ, ಕ್ಯಾಮೆರಾಕ್ಕೆ ಇನ್ನೊಂದು. ಕ್ಯಾಮೆರಾದಲ್ಲೂ ಲೆನ್ಸಿನ ಉದ್ದ ನೋಡಿ ದರ. ದೂರದ ಹುಲಿಯನ್ನು ಹತ್ತಿರ ಮಾಡಿಕೊಂಡಷ್ಟೂ ಖರ್ಚು ಹೆಚ್ಚು, ಬರಿಗಣ್ಣಿಗೆ ಪ್ರತ್ಯೇಕ ದರ ಇನ್ನೂ ನಿಗದಿಯಾಗಿಲ್ಲ. ನಮ್ಮ ಗುಂಪಿನಲ್ಲಿ ಆ ಸೌಲಭ್ಯವನ್ನು ಬಳಸಿಕೊಂಡವಳು ಷಡ್ಡಕರ ಎಂಟು ವರ್ಷದ ಮೊಮ್ಮಗಳು ಒಬ್ಬಳೇ.

ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ ಎಂದು ನಮ್ಮಲ್ಲಿ ಮುಪ್ಪಿನವರನ್ನು ಕುರಿತು ಹೇಳುವ ರೂಢಿಯಿದೆ. ಈಗಿನ ಕಾಡು ಹಾಗೆ ಸಲೀಸಾಗಿ ಬಾ ಎನ್ನುವುದಿಲ್ಲ. ಗುರುತಿನ ಚೀಟಿ, ಓಟಿಪಿ ಮತ್ತು ಪಾವತಿಯ ರಸೀದಿ ನೋಡಿ ಬಾ ಎನ್ನುತ್ತದೆ. ಈ ಶಿಸ್ತನ್ನು ಅರಿಯದ ಕೆಲವರು ಇದ್ದಾರೆ. ನಾಗರಹೊಳೆಯಿಂದ ಒಕ್ಕಲೆಬ್ಬಿಸಲ್ಪಟ್ಟ ಜೇನುಕುರುಬರಲ್ಲಿ ಐವತ್ತಕ್ಕೂ ಹೆಚ್ಚು ಕುಟುಂಬಗಳು 2025ರ ಮೇ ತಿಂಗಳಲ್ಲಿ, 2006ರ ಅರಣ್ಯ ಹಕ್ಕು ಕಾಯ್ದೆಯ ಮಾತನ್ನು ನಂಬಿಕೊಂಡು, ತಮ್ಮ ಹಿರಿಯರ ಸಮಾಧಿಗಳಿರುವ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿ ಗುಡಿಸಲು ಕಟ್ಟಲು ತೊಡಗಿದವು. ಅವರ ಬಳಿ ಸ್ಲಾಟ್ ಇರಲಿಲ್ಲ. ಲೆನ್ಸಂತೂ ಇರಲೇ ಇಲ್ಲ. ಗುಡಿಸಲುಗಳನ್ನು ಕೀಳಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಅತ್ತಕಡೆಯಿಂದಲೂ ಶಿಸ್ತು ತಪ್ಪಿತು: ಹುಲಿ ಗೇಟು ದಾಟಿ ಸರಗೂರು ತಾಲ್ಲೂಕಿನ ಹೊಲಗಳಿಗೆ ಬಂದು ಮನುಷ್ಯರ ಪ್ರಾಣ ಹೋಯಿತು, ಸರ್ಕಾರ ಬಂಡೀಪುರ ಮತ್ತು ನಾಗರಹೊಳೆಗಳಲ್ಲಿ ಸಫಾರಿ ನಿಲ್ಲಿಸಿ ಆ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕೆಲಸಕ್ಕೆ ಹಚ್ಚಿತು. ಷಡ್ಡಕರು ನನಗೆ ಫೋನು ಮಾಡಿ, ಕಾಡಿನಲ್ಲಿದ್ದಾಗ ಅದು ನಮಗೆ ಕಾಣಿಸಲಿಲ್ಲ, ತಾನಾಗಿ ಹೊರಗೆ ಬಂದಾಗ ಸಫಾರಿ ನಿಲ್ಲಿಸಿದ್ದಾರೆ, ಇದೆಂಥ ಪ್ಲಾನಿಂಗ್ ಎಂದು ಬಹಳ ಹೊತ್ತು ನೊಂದುಕೊಂಡರು.

2024ರ ಆ ಶನಿವಾರಕ್ಕೆ ಮರಳುತ್ತೇನೆ. ನಮ್ಮ ಜೀಪಿನಲ್ಲಿದ್ದ ಏಳು ಮಂದಿಯಲ್ಲಿ ಐವರು ಎಲೆ ಮತ್ತು ತೊಗಟೆಯ ಚಿತ್ತಾರವಿದ್ದ ಅಂಗಿ ತೊಟ್ಟು, ಗಡಗಡಿಸುವ ಡೀಸೆಲ್ ವಾಹನದ ಮೇಲೆ ಕಾಡಿಗೆ ಕಾಣಿಸದಂತೆ ಕುಳಿತಿದ್ದರು. ಷಡ್ಡಕರ ಲೆನ್ಸಿಗೂ ಅದೇ ಬಟ್ಟೆಯ ಅಂಗಿಯಿತ್ತು. ಅದನ್ನು ಅಡಿಯಿಂದ ಹಿಡಿದಿದ್ದ ಅವರ ಎಡಗೈಯ ತೋರುಬೆರಳಿನಲ್ಲಿ ಮತದಾನದ ಮಸಿ ಹೊಳೆಯುತ್ತಿತ್ತು. ಎದುರಿನಿಂದ ಇನ್ನೊಂದು ಜೀಪು ಬಂದಾಗಲೆಲ್ಲ ಎರಡೂ ನಿಧಾನಿಸಿ, ಚಾಲಕರು ಕತ್ತು ಚಾಚಿ ಒಂದೇ ಪದದಲ್ಲಿ ವಿಚಾರಿಸಿಕೊಳ್ಳುತ್ತಿದ್ದರು: “ಸಿಕ್ತಾ?” ಇಲ್ಲವೆಂಬಂತೆ ತಲೆ ಅಲ್ಲಾಡಿದರೆ ಆ ಜೀಪಿನವರ ಸಂಕಟಕ್ಕೆ ಈ ಜೀಪಿನವರು ಒಳಗೊಳಗೇ ಹಿಗ್ಗುತ್ತಿದ್ದರು. ಏನು ಸಿಕ್ಕಿತು ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಆ ಭಾಷೆಯಲ್ಲಿ ಕರ್ತೃಪದ ಒಂದೇ. ನೂರು ಜಿಂಕೆ, ಹತ್ತು ಕಾಟಿ, ಒಂದು ಕಡವೆ, ನೀರಿನಂಚಿಗೆ ಓಡಿದ ಸೀಳುನಾಯಿಗಳ ಹಿಂಡು, ಇವೆಲ್ಲ ಸೇರಿಯೂ ‘ಏನೂ ಸಿಗಲಿಲ್ಲ’ ಎಂಬ ವಾಕ್ಯವೇ ಆಗುತ್ತದೆ.

ಒಂದು ತಿರುವಿನಲ್ಲಿ ಮುಸುವ ಕೂಗಿತು. ಚಾಲಕ ಎಂಜಿನ್ ಆರಿಸಿದ. ಮುಂದಿನ ಹನ್ನೊಂದು ನಿಮಿಷ ನಮ್ಮ ಕುಟುಂಬದ ಇತಿಹಾಸದಲ್ಲೇ ಅತಿ ದೀರ್ಘವಾದ ಮೌನ. ನಡುವೆ ಯಾರೋ ಚಿಪ್ಸ್ ಪೊಟ್ಟಣವನ್ನು ಒಂದೊಂದೇ ಎಳೆಯಾಗಿ ಹರಿದ ಸದ್ದು ಬಿಟ್ಟರೆ ಬೇರೇನಿಲ್ಲ. ಎದುರಿಗೆ ಹಿನ್ನೀರು. ಅದರ ನಡುವೆ ಬೋಳು ಮರದ ಕಾಂಡಗಳು ನೂರಾರು ನಿಂತಿದ್ದವು, ಅವುಗಳ ತುದಿಯಲ್ಲಿ ನೀರುಕಾಗೆಗಳು ಒದ್ದೆ ರೆಕ್ಕೆಗಳನ್ನು ಕೊಡೆಯಂತೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ರೆಸಾರ್ಟಿನ ಕರಪತ್ರ ಇದನ್ನು ಮನುಷ್ಯರ ಕೈ ಸೋಕದ ಸರೋವರ ಎಂದು ಬಣ್ಣಿಸಿತ್ತು. ಬೀಚನಹಳ್ಳಿಯ ಬಳಿ 1974ರಲ್ಲಿ ಅಣೆಕಟ್ಟು ಮುಗಿಯುವವರೆಗೆ ಆ ಬೋಳು ಕಾಂಡಗಳು ಕಾಡಾಗಿದ್ದವು ಎಂದು ನಾನು ಪಿಸುಗುಟ್ಟಿದೆ. ಮೊಮ್ಮಗಳು, ಹಾಗಾದರೆ ಮರಗಳಿಗೆ ಮೊದಲೇ ಹೇಳಿರಲಿಲ್ಲವೇ ಎಂದು ಕೇಳಿದಳು. ಎಲ್ಲರೂ ಶ್ ಎಂದರು.

ಆಗ ಎಲ್ಲಿಂದಲೋ ಸುದ್ದಿ ಹಬ್ಬಿ ನಾಲ್ಕು ದಿಕ್ಕಿನಿಂದ ಜೀಪುಗಳೂ ಒಂದು ಕ್ಯಾಂಟರೂ ಧೂಳೆಬ್ಬಿಸಿಕೊಂಡು ಬಂದು ಒಂದು ಲಂಟಾನ ಪೊದೆಯನ್ನು ಮುತ್ತಿದವು. ಇದೇ ಕಾಕನಕೋಟೆಯ ಸೀಮೆಯಲ್ಲಿ ಹಿಂದೆ ಖೆಡ್ಡಾ ನಡೆಯುತ್ತಿತ್ತು. ತಮಟೆ ಬಡಿದು ಕೂಗೆಬ್ಬಿಸಿ ಕಾಡಾನೆಗಳನ್ನು ಆವರಣಕ್ಕೆ ಅಟ್ಟುವುದನ್ನು ಗಣ್ಯರು ಕುಳಿತು ನೋಡುತ್ತಿದ್ದರು. ಕೊನೆಯ ಖೆಡ್ಡಾ 1971ರಲ್ಲಿ ಆಯಿತೆಂದು ಪುಸ್ತಕಗಳು ಹೇಳುತ್ತವೆ. ಪುಸ್ತಕ ಬರೆದವರು ಶನಿವಾರ ಬೆಳಿಗ್ಗೆ ಇಲ್ಲಿಗೆ ಬಂದಿರಲಾರರು. ಪೊದೆಯಲ್ಲಿ ಒಂದು ಬಾಲದ ತುದಿ ಅಲ್ಲಾಡಿತೆಂದು ಕ್ಯಾಂಟರಿನವರು ಪ್ರಮಾಣ ಮಾಡಿದರು, ಗಾಳಿಗೆ ಕಡ್ಡಿ ಅಲ್ಲಾಡಿತೆಂದು ನಮ್ಮ ಚಾಲಕ ಹೇಳಿದ. ಷಡ್ಡಕರು ಅದರ ಮುನ್ನೂರ ಹನ್ನೆರಡು ಚಿತ್ರಗಳನ್ನು ತೆಗೆದರು. ಭಾನುವಾರದ ದೋಣಿಯಿಂದ ಕಂಡ ಆನೆಗಳನ್ನು ಎಣಿಸಲು ಮೊಮ್ಮಗಳು ಕೈಬೆರಳು ಸಾಲದೆ ನನ್ನ ಬೆರಳುಗಳನ್ನೂ ಬಳಸಿಕೊಂಡಳು, ಆದರೆ ಅಷ್ಟರಲ್ಲಿ ಷಡ್ಡಕರು ಎಕ್ಸೆಲ್ ಹಾಳೆಯನ್ನು ಮುಚ್ಚಿ ಮುಖ ತಿರುಗಿಸಿ ಕುಳಿತಿದ್ದರು.

ಮರಳುವ ದಾರಿಯಲ್ಲಿ ಅಂತರಸಂತೆ ದಾಟಿದ ಮೇಲೆ ಚಹಾಕ್ಕೆಂದು ಗೂಡಂಗಡಿಯೊಂದರ ಮುಂದೆ ನಿಲ್ಲಿಸಿದೆವು. ಎಲೆ ಚಿತ್ತಾರದ ಅಂಗಿಗಳನ್ನು ನೋಡಿದ ಕೂಡಲೇ ಅಂಗಡಿಯಾತ, ಹಾಲು ಕಾಯಿಸುತ್ತಲೇ, ಸಿಕ್ತಾ ಎಂದು ಕೇಳಿದ. ಇಲ್ಲವೆಂದೆವು. ಮೊನ್ನೆ ರಾತ್ರಿ ನಮ್ಮ ಹಿತ್ತಲಿಗೆ ಬಂದಿತ್ತು, ಕರು ಎಳೆದುಕೊಂಡು ಹೋಯಿತು ಎಂದ ಆತ, ಗ್ಲಾಸು ತೊಳೆದಿಡುತ್ತ. ಷಡ್ಡಕರ ಕೈಯಲ್ಲಿದ್ದ ಬನ್ನು ಕೆಳಗೆ ಬಿತ್ತು. ಎಷ್ಟು ಹೊತ್ತಿಗೆ ಬಂದಿತು, ಗಂಡೋ ಹೆಣ್ಣೋ, ಬೆಳಕು ಯಾವ ಕಡೆಯಿಂದ ಇತ್ತು, ಇವತ್ತೂ ಬರುವ ಸಾಧ್ಯತೆ ಎಷ್ಟು, ಇಲ್ಲಿ ಉಳಿದುಕೊಳ್ಳಲು ಏನಾದರೂ ವ್ಯವಸ್ಥೆ ಇದೆಯೇ ಎಂದು ಒಂದೇ ಉಸಿರಿನಲ್ಲಿ ವಿಚಾರಿಸಿದರು.

ಅಂಗಡಿಯಾತ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಕರು ಕಟ್ಟುತ್ತಿದ್ದ ಜಾಗ ಖಾಲಿಯಿದೆ ಸ್ವಾಮಿ” ಎಂದ.

ಷಡ್ಡಕರು ಎಕ್ಸೆಲ್ ಹಾಳೆಯನ್ನು ಮತ್ತೆ ತೆರೆದು, ಊಟ ತಿಂಡಿ ಸೇರಿ ಎಷ್ಟಾಗುತ್ತದೆ ಎಂದು ಕೇಳಿದರು.