ಜಂಗ್ ಜೇ-ಇಲ್‌ಗೆ ಆಸ್ಕರ್ ಬಂದಿಲ್ಲ

ಕೊರಿಯಾದ ವೆಬ್ ಸೀರೀಸ್ ಸ್ಕ್ವಿಡ್ ಗೇಮ್‌ಗೆ ಮ್ಯೂಸಿಕ್ ಮಾಡಿದ ಜಂಗ್ ಜೇ-ಇಲ್‌ಗೆ ಪ್ಯಾರಾಸೈಟ್ ಸಿನಿಮಾ ಸಂಗೀತಕ್ಕೆ ಆಸ್ಕರ್ ಬಂದಿತ್ತು ಅಂತ ಒಂದು ಪೋಸ್ಟ್ ಓಡಾಡ್ತಿದೆ, ಅದು ಸುಳ್ಳು. 2020ರಲ್ಲಿ ಪ್ಯಾರಾಸೈಟ್‌ಗೆ ಬಂದಿದ್ದು ನಾಲ್ಕು ಆಸ್ಕರ್, ಬೆಸ್ಟ್ ಪಿಕ್ಚರ್, ನಿರ್ದೇಶನ, ಚಿತ್ರಕಥೆ, ಅಂತಾರಾಷ್ಟ್ರೀಯ ಚಿತ್ರ, ಅಷ್ಟೇ. ಸಂಗೀತಕ್ಕೆ ನಾಮಿನೇಷನ್ನೂ ಇರ್ಲಿಲ್ಲ, ಆ ವರ್ಷ ಸಂಗೀತದ ಆಸ್ಕರ್ ಜೋಕರ್ ಸಿನಿಮಾ ಪಾಲಾಯ್ತು. ಪ್ಯಾರಾಸೈಟ್ ಕೊನೇಲಿ ಬರೋ ಹಾಡು ಮಾತ್ರ ಬೆಸ್ಟ್ ಸಾಂಗ್ ವಿಭಾಗದಲ್ಲಿ ಹದಿನೈದು ಹಾಡುಗಳ ಶಾರ್ಟ್‌ಲಿಸ್ಟ್ ತನಕ ಹೋಗಿತ್ತು.

ಅದೇ ಪೋಸ್ಟಲ್ಲಿ ಸ್ಕ್ವಿಡ್ ಗೇಮ್‌ನ ಪ್ರತಿ ಟ್ಯೂನೂ ಇವರದ್ದೇ ಅಂತಾನೂ ಇದೆ. ಗುಲಾಬಿ ಡ್ರೆಸ್ ಗಾರ್ಡ್‌ಗಳು ಬಂದಾಗ ಕೇಳ್ಸೋ ಪಿಂಕ್ ಸೋಲ್ಜರ್ಸ್, ಎಲ್ಲರ ರೀಲ್ಸಲ್ಲೂ ಇತ್ತಲ್ಲ, ಅದು 23 ಅನ್ನೋ ಹೆಸರಲ್ಲಿ ಕೆಲಸ ಮಾಡೋ ಕಿಮ್ ಸಂಗ್-ಸೂ ಅವರದ್ದು, ಪಾಪ ಅವರ ಹೆಸರು ಯಾರೂ ಹೇಳಲ್ಲ. ಆಟಗಾರರನ್ನ ಎಬ್ಸೋಕೆ ಹಾಕೋ ಟ್ರಂಪೆಟ್ ಹಳೇ ಕಾಲದ ಸಂಗೀತಗಾರ ಹೈಡನ್‌ದು, ಸೀರೀಸಲ್ಲಿ ಕೇಳ್ಸೋ ಬ್ಲೂ ಡ್ಯಾನ್ಯೂಬ್ ಟ್ಯೂನ್ ಅಂತೂ ಸ್ಟ್ರಾಸ್ 19ನೇ ಶತಮಾನದಲ್ಲೇ ಬರೆದಿದ್ದು.

ಜೇ-ಇಲ್ ಮಾಡಿದ್ದು ಶುರುವಲ್ಲೇ ಬರೋ ಆ ರೆಕಾರ್ಡರ್ ಟ್ಯೂನು, ಕೊರಿಯಾದ ಸ್ಕೂಲ್ ಮಕ್ಕಳು ಕಲಿಯೋ ಕೊಳಲಿನಂಥ ವಾದ್ಯ ಅದು, ಬೇಕಂತಲೇ ಸ್ವಲ್ಪ ಅಪಸ್ವರವಾಗಿ ನುಡಿಸಿದ ಹಾಗಿದೆ, ನನಗಂತೂ ಇಡೀ ಸೀರೀಸಲ್ಲಿ ಅದೇ ಬೆಸ್ಟು. 1982ರಲ್ಲಿ ಹುಟ್ಟಿದ ಈ ಮನುಷ್ಯ ಹದಿನೇಳು ತುಂಬೋ ಹೊತ್ತಿಗೇ ಗಿಗ್ಸ್ ಅನ್ನೋ ಬ್ಯಾಂಡಲ್ಲಿ ಬೇಸ್ ಗಿಟಾರ್ ಬಾರಿಸ್ತಿದ್ರು, ಆಮೇಲೆ ಪ್ಯಾರಾಸೈಟ್ ನಿರ್ದೇಶಕ ಬಾಂಗ್ ಜೂನ್-ಹೋ ಜೊತೆ ಓಕ್ಜಾ, ಪ್ಯಾರಾಸೈಟ್, ಮಿಕಿ 17 ಸಿನಿಮಾಗಳಿಗೆ ಸಂಗೀತ ಮಾಡಿದ್ರು. ಇಷ್ಟು ಸಾಲದೇನ್ರೀ, ಇಲ್ಲದ ಆಸ್ಕರ್ ಯಾಕೆ ಸೇರಿಸ್ಬೇಕು? ಪೋಸ್ಟ್ ಹಾಕಿದವ್ರು ತಿದ್ದಿದ್ರೆ ಒಳ್ಳೇದು.